ನಿಮಗಿದು ಗೊತ್ತೇ? ಪಿಕಪ್ಪೂ ಬೇಕು, ಆವರೇಜೂ ಬೇಕು

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಚಿಮ್ಮನಚೋಡ, ಸೇಡಂ, ಚಿತ್ತಾಪುರದ ಕಡೆ ಹರೆಯದ ಹುಡುಗರು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಲು ಹೊರಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ: ‘ಪಿಕಪ್ ಹ್ಯಾಂಗದ? ಆವರೇಜ್ ಎಷ್ಟು ಕೊಡ್ತದ?’ ಎರಡೂ ಒಂದೇ ಗಾಡಿಯಲ್ಲಿ ಸಿಗುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಸಿಗುತ್ತದೆ. ಆದರೆ ಅದನ್ನು ಹುಡುಕಬೇಕಾದದ್ದು ಹಿಂದಿನ ಸ್ಪಾಯ್ಲರ್‌ನಲ್ಲಿ ಅಲ್ಲ. ಗಾಡಿಯ ತೂಕದಲ್ಲಿ, ಅದರ ಕಾಗದಪತ್ರದಲ್ಲಿ.

● ಗಾಡಿಯ ಚುರುಕು ತಿಳಿಯಲು ಹಾರ್ಸ್‌ಪವರ್ ಒಂದನ್ನೇ ನೋಡಿದರೆ ಸಾಲದು, ಅದನ್ನು ತೂಕದಿಂದ ಭಾಗಿಸಿ ನೋಡಬೇಕು. 2018ರ ಮಾರುತಿ ಸ್ವಿಫ್ಟ್ ಪೆಟ್ರೋಲ್ ಗಾಡಿಯ ಶಕ್ತಿ 83 ಪಿಎಸ್, ತೂಕ ಸುಮಾರು 870 ಕಿಲೊ. ಅಂದರೆ ಟನ್ನಿಗೆ 95ರ ಆಸುಪಾಸು. 105 ಪಿಎಸ್ ಕೊಡುವ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಅದಕ್ಕಿಂತ ಸುಮಾರು ಎರಡು ಕ್ವಿಂಟಲ್ ಭಾರ, ಹಾಗಾಗಿ ಟನ್ನಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಎರಡು ಚೀಲ ತೊಗರಿ ಡಿಕ್ಕಿಯಲ್ಲಿ ಹಾಕಿಕೊಂಡು ಓಡಿಸಿದವರಿಗೆ ಆ ಎರಡು ಕ್ವಿಂಟಲ್ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಗುರ ಗಾಡಿ ಓಡುವುದೂ ಚುರುಕು, ಕುಡಿಯುವುದೂ ಕಡಿಮೆ.

● ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ, ಲಿನಿಯಾ: ಇಷ್ಟೂ ಡೀಸೆಲ್ ಗಾಡಿಗಳ ಎದೆಯಲ್ಲಿ ಇದ್ದದ್ದು ಒಂದೇ ಎಂಜಿನ್. ಇಟಲಿಯ ಫಿಯಟ್ ರೂಪಿಸಿದ 1248 ಸಿಸಿ ಮಲ್ಟಿಜೆಟ್ ಅದು. ಮಾರುತಿ ಅದನ್ನು ಡಿಡಿಐಎಸ್ ಎಂದು ಕರೆಯಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ‘ಭಾರತದ ರಾಷ್ಟ್ರೀಯ ಡೀಸೆಲ್ ಎಂಜಿನ್’ ಎಂದು ಜನ ಅದಕ್ಕೆ ಅಡ್ಡಹೆಸರಿಟ್ಟರು. ಸ್ವಿಫ್ಟ್‌ನಲ್ಲಿ ಅದರ ಶಕ್ತಿ 75 ಪಿಎಸ್, ತಿರುಗುಬಲ 190 ನ್ಯೂಟನ್ ಮೀಟರ್. ಸುಮಾರು 1800 ಆರ್‌ಪಿಎಂ ತನಕ ನಿದ್ದೆ ಹೊಡೆಯುತ್ತದೆ, ಟರ್ಬೊ ತುಂಬಿಕೊಂಡ ಮೇಲೆ ಬೆನ್ನಿಗೆ ಗುದ್ದಿದ ಹಾಗೆ ಮುಂದಕ್ಕೆ ನೂಕುತ್ತದೆ. ಮಳಖೇಡದಿಂದ ಸೇಡಂ ಕಡೆಗೆ ಸಿಮೆಂಟ್ ಲಾರಿಯೊಂದರ ಹಿಂದೆ ಮೂರನೇ ಗೇರಿನಲ್ಲಿ ಸಿಕ್ಕಿಕೊಂಡು, ಎದುರಿನ ದಾರಿ ಖಾಲಿಯಾಯಿತೆಂದು ಆಕ್ಸಿಲರೇಟರ್ ತುಳಿದರೆ ಮೊದಲ ಎರಡು ಸೆಕೆಂಡ್ ಏನೂ ಆಗುವುದಿಲ್ಲ. ಹೊಸಬರು ಅಲ್ಲೇ ಗಾಬರಿಯಾಗುತ್ತಾರೆ. ಎರಡನೇ ಗೇರಿಗೆ ಇಳಿಸಿ, ಸದ್ದು ಏರಿದ ಮೇಲೆ ಹೊರಬಿದ್ದರೆ ಅದೇ ಗಾಡಿ ಬೇರೆಯದೇ ಪ್ರಾಣಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದರೂ ಈ ಎಂಜಿನ್ ಬಿಚ್ಚಿ ಜೋಡಿಸಿ ಕೈಪಳಗಿದ ಮಿಸ್ತ್ರಿ ಇಂದಿಗೂ ಎಲ್ಲೆಡೆ ಸಿಗುತ್ತಾನೆ. ನನ್ನನ್ನು ಕೇಳಿದರೆ ನಮ್ಮ ಭಾಗದಲ್ಲಿ ಅದರ ದೊಡ್ಡ ಗುಣ ಅದೇ.

● ಅಗ್ಗಕ್ಕೆ ಸಿಗುವ ನಿಜವಾದ ಓಟಗಾರ ಬೇಕೆಂದರೆ 2015ರ ನಂತರದ ಫೋರ್ಡ್ ಫಿಗೊ ಡೀಸೆಲ್ ನೋಡಿ. 1498 ಸಿಸಿ, 100 ಪಿಎಸ್, 215 ನ್ಯೂಟನ್ ಮೀಟರ್, ಕಾಗದದ ಮೇಲೆ ಲೀಟರಿಗೆ 25ಕ್ಕೂ ಹೆಚ್ಚು ಕಿಲೊಮೀಟರ್. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ ಬೆಲೆ ಇಳಿಯಿತು, ಗಾಡಿಯ ಗುಣ ಇಳಿಯಲಿಲ್ಲ. ಬಿಡಿಭಾಗಕ್ಕೆ ಕಲಬುರಗಿ ಇಲ್ಲವೇ ಹೈದರಾಬಾದ್‌ಗೆ ಫೋನು ಹಚ್ಚುವ ತಾಳ್ಮೆ ಇದ್ದವರಿಗೆ ಮಾತ್ರ ಇದು.

● ಸ್ವಿಫ್ಟ್, ಪೋಲೊ, ಐ20, ಫಿಗೊ ಎಲ್ಲವೂ ನಾಲ್ಕು ಮೀಟರಿನೊಳಗೇ ಏಕಿವೆ? 2006ರ ಕೇಂದ್ರ ಬಜೆಟ್ ಚಿಕ್ಕ ಕಾರಿಗೆ ತೆರಿಗೆ ಇಳಿಸಿತು. ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಅದಕ್ಕೇ 1197, 1248, 1498 ಎಂಬ ಅಂಕಿಗಳು ಎಲ್ಲೆಲ್ಲೂ ಕಾಣುವುದು. ಮೊದಲ ಡಿಸೈರ್ 4 ಮೀಟರ್ 16 ಸೆಂಟಿಮೀಟರ್ ಉದ್ದವಿತ್ತು. 2012ರಲ್ಲಿ ಅದರ ಡಿಕ್ಕಿ ಕತ್ತರಿಸಿ 3,995 ಮಿಲಿಮೀಟರಿಗೆ ತಂದು ನಿಲ್ಲಿಸಿದರು.

● ಕಂಪನಿ ಹೇಳುವ ಮೈಲೇಜ್ ರಸ್ತೆಯ ಮೇಲೆ ಅಳೆದದ್ದಲ್ಲ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಗಾಡಿ ಓಡಿಸಿ ಅಳೆಯುತ್ತಾರೆ. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ದಾಟುವುದೇ ಇಲ್ಲ. ನೀವು 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

● ನಮ್ಮದು ಗಡಿ ಸೀಮೆ. ತಾಂಡೂರು, ಜಹೀರಾಬಾದ್ ದಾಟಿ ಹೈದರಾಬಾದ್‌ನಿಂದ ಬರುವ ಗಾಡಿಗಳೇ ಬಹಳ. ಅವುಗಳ ಪಾಸಿಂಗ್ ನೋಡಿದರೆ ಇತಿಹಾಸವೇ ತಿಳಿಯುತ್ತದೆ: 2014ರ ಜೂನ್‌ಗೆ ಮುಂಚಿನದು ಎಪಿ, ಆಮೇಲಿನದು ಟಿಎಸ್, 2024ರ ಮಾರ್ಚ್‌ನಿಂದ ಟಿಜಿ. ಟಿಎಸ್-34 ಎಂದಿದ್ದರೆ ವಿಕಾರಾಬಾದ್, ಟಿಎಸ್-15 ಸಂಗಾರೆಡ್ಡಿ. ನಮ್ಮ ಕೆಎ-32 ಗಾಡಿಗಿಂತ ಇವು ಅಗ್ಗ ಎನಿಸುತ್ತವೆ. ಆದರೆ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಮಾನ ತೆರಿಗೆ ಕಟ್ಟಬೇಕು. ಅಗ್ಗವಾಯಿತೆಂದು ಕುಣಿಯುವ ಮುನ್ನ ಆ ತೆರಿಗೆಯನ್ನು ಬೆಲೆಗೆ ಕೂಡಿಸಿ ನೋಡಿ. ನಿರಾಕ್ಷೇಪಣಾ ಪತ್ರ ‘ಆಮೇಲೆ ಕೊಡಸ್ತೀನಿ’ ಎನ್ನುವವನ ಕೈಗೆ ಮುಂಗಡವನ್ನೂ ಇಡಬೇಡಿ.

● ಡಿಎಲ್ ಪಾಸಿಂಗಿನ ಹೊಳೆಯುವ ಡೀಸೆಲ್ ಗಾಡಿ ಇಲ್ಲಿಯವರೆಗೆ ಹೇಗೆ ಬಂತು? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿ ಸೀಮೆಯಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನು ತಡೆಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆಯುಷ್ಯ ಮುಗಿಯಲು ಬಂದವು ದಕ್ಷಿಣಕ್ಕೆ ಇಳಿದವು.

● ನೀರು ಕುಡಿದ ಗಾಡಿಯನ್ನು ಮೂಗೇ ಹಿಡಿಯುತ್ತದೆ. ನಾಗರಾಳ ಜಲಾಶಯದಿಂದ ಮುಲ್ಲಾಮಾರಿಗೆ ನೀರು ಬಿಟ್ಟಾಗ ಚಿಮ್ಮನಚೋಡದ ಸೇತುವೆ ಮುಳುಗುವುದನ್ನು ಕಂಡವರು ನಾವು. ನೀರಿನ ಕೆಲಸ ನಮಗೆ ಗೊತ್ತು. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದ್‌ನ ಎಷ್ಟೋ ಕಾರುಗಳು ನೀರಲ್ಲಿ ತೇಲಿದವು. ಹೋದ ವರ್ಷ ಅಳಿಯನ ಜೊತೆ ಒಂದು ಬಿಳಿ ಗಾಡಿ ನೋಡಲು ಹೋಗಿದ್ದೆ. ಹೊರಗೆ ಕನ್ನಡಿ ಹಾಗೆ ಥಳಥಳ, ಒಳಗೆ ಮಲ್ಲಿಗೆಯ ಸೆಂಟು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಹಳಿಯ ಸಂದಿಗೆ ಬೆರಳು ಹಾಕಿದೆ: ಉಗುರಿನ ತುದಿಗೆ ಒಣಗಿದ ನುಣುಪು ಕೆಸರು ಹತ್ತಿತು. ಸೀಟಿನ ಬೋಲ್ಟುಗಳ ತಲೆ ಕಂದು ಹಿಡಿದಿತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಂದು ಗೇಣು ಮೇಲೆ ನೀರಿನ ಗೆರೆ ಮೂಡಿತ್ತು. ಅಳಿಯ ಅದನ್ನೇ ದಿಟ್ಟಿಸಿ ನೋಡಿ, ಬಾಗಿಲು ಮುಚ್ಚಿ ಬಂದ.

● ವಾಡಿ, ಸೇಡಂ, ಶಹಾಬಾದ್ ಕಡೆ ಓಡಿದ ಗಾಡಿಯ ಏರ್ ಫಿಲ್ಟರ್ ತೆಗೆಸಿ ನೋಡಿ. ಸಿಮೆಂಟ್ ಮತ್ತು ಕಲ್ಲುಗಣಿಯ ಧೂಳು ಅಲ್ಲಿ ಬೂದು ಹಿಟ್ಟಾಗಿ ಕೂತಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಮೊದಲು ಸಾಯುತ್ತದೆ. ಹೊಸ ಫಿಲ್ಟರ್ ಕೆಲವೇ ನೂರು ರೂಪಾಯಿ. ‘ಪಿಕಪ್ ಇಲ್ಲ’ ಎಂದು ಅಗ್ಗಕ್ಕೆ ಹೋಗುವ ಒಳ್ಳೆ ಗಾಡಿಗೂ ಕೆಲವೊಮ್ಮೆ ಅದೊಂದೇ ರೋಗ.

● ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ‘ಗಾಡಿ 20 ಸಾವಿರ ಓಡ್ಯಾದ ಅಷ್ಟ’ ಎನ್ನುವವನ ಗಾಡಿಗೆ ಮೂರನೇ ಜೋಡಿ ಟೈರು ಇದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರ್ ಓಡದೆಯೂ ಬಿರಿಯುತ್ತದೆ, ಅದನ್ನೂ ನೋಡಿ.

● ಗ್ಲೋಬಲ್ ಎನ್‌ಕ್ಯಾಪ್ 2014ರಲ್ಲಿ ಭಾರತದ ಕಾರುಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್, ಪೋಲೊ, ಫಿಗೊಗಳಿಗೆ ಸಿಕ್ಕ ನಕ್ಷತ್ರ ಸೊನ್ನೆ. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು. ಹೆಸರು ಒಂದೇ, ಮುಖ ಒಂದೇ, ಒಳಗೆ ಕೂತವನ ಪಾಲಿಗೆ ಎರಡು ಬೇರೆ ಬೇರೆ ಗಾಡಿ. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2019ರ ಜುಲೈಯಿಂದ. ಅದಕ್ಕೂ ಹಳೆಯದು ಕೊಳ್ಳುವಾಗ ಮೇಲಿನ ಮಾದರಿಯನ್ನೇ ಹುಡುಕಿ. ಮ್ಯೂಸಿಕ್ ಸಿಸ್ಟಮ್ ಆಮೇಲೆ ಹಾಕಿಸಬಹುದು, ಎಬಿಎಸ್ ಮತ್ತು ಏರ್‌ಬ್ಯಾಗ್ ಆಗದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತುವುದೇ ಇಲ್ಲವೆಂದರೆ ಯಾರೋ ಬಲ್ಬು ಕಿತ್ತಿರಬಹುದು. ಆ ಗಾಡಿ ಒಮ್ಮೆ ಎಲ್ಲೋ ಗುದ್ದಿದ್ದೂ ಇರಬಹುದು.

● ಬ್ರಿಟನ್‌ನಲ್ಲಿ 18ರ ಹುಡುಗನಿಗೆ ಕಾರಿನ ವಿಮೆಯೇ ಮೈಮೇಲಿನ ಭಾರ. ವಯಸ್ಸು ಕಡಿಮೆಯಾದಷ್ಟೂ ಕಂತು ಹೆಚ್ಚು. ನಮ್ಮಲ್ಲಿ ಥರ್ಡ್ ಪಾರ್ಟಿ ಕಂತು ನಿಂತಿರುವುದು ಎಂಜಿನ್ ಗಾತ್ರದ ಮೇಲೆ. 2022ರ ದರದಂತೆ 1000 ಸಿಸಿವರೆಗೆ ವರ್ಷಕ್ಕೆ ₹2,094, 1500ರವರೆಗೆ ₹3,416, ಅದರಾಚೆ ₹7,897. ಪೋಲೊ ಜಿಟಿ ಟಿಡಿಐಯ ಮೊದಲ ಮಾದರಿ 1598 ಸಿಸಿ, ಆಮೇಲಿನದು 1498. ಆ ನೂರು ಸಿಸಿಗಾಗಿ ಪ್ರತಿ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ತೆರಬೇಕು.

● ‘ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ಅದ’ ಎಂದು ಗಾಡಿ ಮಾರುವವರು ಹೊಗಳುತ್ತಾರೆ. ಅದು ಮಾಲೀಕನದು, ಗಾಡಿಯದಲ್ಲ. ನಿಮಗೆ ಬರುವುದಿಲ್ಲ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದ ಗಡುವಿದೆ.

● ಮಾರಿದ ಗಾಡಿ ಆರ್‌ಸಿಯಲ್ಲಿ ಯಾರ ಹೆಸರಲ್ಲಿದೆಯೋ, ಅಪಘಾತವಾದರೆ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ, ಬ್ಯಾಂಕಿನ ಸಾಲವಿದ್ದರೆ ಫಾರ್ಮ್ 35 ಕೇಳಿ. ‘ಓಪನ್ ಟಿ.ಟಿ.ಒ.’ ಎಂಬ ಖಾಲಿ ಸಹಿಯ ಕಾಗದದ ಮೇಲೆ ಮೂರು ಕೈ ಬದಲಾದ ಗಾಡಿ ಮಾರುವವನಿಗೂ ಕುತ್ತು, ಕೊಳ್ಳುವವನಿಗೂ ಕುತ್ತು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಿದ್ದಾರೆಯೇ ನೋಡಿ.

● ಸೈಲೆನ್ಸರ್ ಬದಲಿಸಿದರೆ ಸದ್ದು ಬರುತ್ತದೆ, ಶಕ್ತಿ ಬರುವುದಿಲ್ಲ. ಕಂಪನಿ ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2012ರಲ್ಲಿ. ಅಗಲ ಟೈರು, ದೊಡ್ಡ ಅಲಾಯ್ ಹಾಕಿಸಿದರೆ ಆವರೇಜ್ ಇಳಿಯುತ್ತದೆ, ಪಿಕಪ್ಪೂ ಮಂದವಾಗುತ್ತದೆ.

● ಮಗನಿಗೆ 18 ತುಂಬಿಲ್ಲ, ಆದರೂ ಚಿಂಚೋಳಿವರೆಗೆ ತಾನೇ ಓಡಿಸಿಕೊಂಡು ಹೋಗುತ್ತಾನೆ ಎಂದು ಹೆಮ್ಮೆಪಡುವ ತಂದೆಯರಿಗೆ: ಅದೇ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಪೋಷಕರಿಗೇ ₹25,000 ದಂಡ, ಮೂರು ವರ್ಷದವರೆಗೆ ಸೆರೆವಾಸ. ಗಾಡಿಯ ನೋಂದಣಿ ಒಂದು ವರ್ಷ ರದ್ದು.

● ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಭಾಗ ಎಥೆನಾಲ್. ಚಿಂಚೋಳಿಯ ಬದಿಯಲ್ಲೇ ಎಥೆನಾಲ್ ಕಾರ್ಖಾನೆ ಎದ್ದಿರುವುದರಿಂದ ಈ ಪದ ನಮಗೆ ಹೊಸದಲ್ಲ. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡು ಭಾಗದಷ್ಟು, ಹಾಗಾಗಿ ಆವರೇಜ್ ತುಸು ಇಳಿಯುತ್ತದೆ. ಹಳೆಯ ರಬ್ಬರನ್ನು ಎಥೆನಾಲ್ ಕೆಡಿಸಬಹುದು, ಅದಕ್ಕೇ 2023ಕ್ಕೆ ಮುಂಚಿನ ಪೆಟ್ರೋಲ್ ಗಾಡಿ ಕೊಳ್ಳುವಾಗ ಇಂಧನದ ರಬ್ಬರ್ ಪೈಪುಗಳನ್ನು ಮಿಸ್ತ್ರಿಗೆ ತೋರಿಸಿ.

● ಗಾಡಿ ನೋಡಲು ಬೆಳಗಿನ ಆರಕ್ಕೆ ಹೋಗಿ, ಹೇಳದೆ ಹೋದರೆ ಇನ್ನೂ ಚೆಂದ. ಬಿಸಿ ಎಂಜಿನ್ ತನ್ನ ರೋಗ ಮುಚ್ಚಿಡುತ್ತದೆ: ಸವೆದ ಚೈನಿನ ಕಟಕಟ, ಸೋತ ಬ್ಯಾಟರಿ, ಮೊದಲ ಸ್ಟಾರ್ಟಿಗೆ ಬರುವ ಹೊಗೆ ಎಲ್ಲ ತಣ್ಣಗಿದ್ದಾಗಲೇ ಹೊರಬೀಳುವುದು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ; ದಟ್ಟ ಕಪ್ಪು ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ; ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಕೂಲೆಂಟ್ ಸಿಲಿಂಡರಿಗೆ ಇಳಿದಿರಬಹುದು. ಕೀಲಿ ಕೇಳುವ ಮುನ್ನ, ಮಾತಾಡುತ್ತಾ ಮಾತಾಡುತ್ತಾ ಬಾನೆಟ್ ಮೇಲೆ ಅಂಗೈ ಇಡಿ. ಮಂಜು ಕೂತು ತಣ್ಣಗಿರಬೇಕು.