ಕಂಟಿಯಿಂದ ಹಳಿಯವರೆಗೆ

ನಾಗರಹೊಳೆ, ಬಂಡೀಪುರದ ಕಾಡಂಚಿನ ಹಲವು ಊರುಗಳಲ್ಲಿ ಈಗ ಬೇಲಿ ಎಂದರೆ ರೈಲ್ವೆ ಹಳಿ. ಸವೆದು ಕಿತ್ತುಹಾಕಿದ ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತು ಕಂಬ ಮಾಡುತ್ತಾರೆ, ಅಡ್ಡಕ್ಕೂ ಹಳಿಯನ್ನೇ ಜೋಡಿಸುತ್ತಾರೆ. ಕಿಲೋಮೀಟರಿಗೆ ಒಂದು ಕೋಟಿ ರೂಪಾಯಿಗೂ ಮೀರಿ ಖರ್ಚು. ಕಂಟಿ ಕಡಿದು ತಂದು ಹೊಲಕ್ಕೆ ಬೇಲಿ ಒತ್ತುತ್ತಿದ್ದ ನಾಡು ಇಲ್ಲಿಗೆ ಬಂದು ನಿಂತ ದಾರಿ ಉದ್ದದ್ದು.

ಆಗ ಬೇಲಿ ತಡೆಯಬೇಕಿದ್ದದ್ದು ಮುಖ್ಯವಾಗಿ ದನವನ್ನು. ಬಯಲುಸೀಮೆಯಲ್ಲಿ ಜಾಲಿಮುಳ್ಳಿನ ಕಂಟಿ ಸಾಕಾಗುತ್ತಿತ್ತು. ಬದುವಿನ ಮೇಲೆ ಕತ್ತಾಳೆ, ಕಳ್ಳಿ, ಲಕ್ಕಿ ನೆಟ್ಟರೆ ಬೇಲಿ ತಾನೇ ಬೆಳೆಯುತ್ತಿತ್ತು. ಕತ್ತಾಳೆ ಹಗ್ಗಕ್ಕೆ ನಾರನ್ನೂ ಕೊಡುತ್ತಿತ್ತು. ಮಲೆನಾಡಿನಲ್ಲಿ ತೋಟದ ಸುತ್ತ ಅಗಳು ತೋಡಿ, ತೆಗೆದ ಮಣ್ಣನ್ನು ಒಳಬದಿಗೆ ದಿಬ್ಬ ಹಾಕುತ್ತಿದ್ದರು. ಸುಗ್ಗಿ ಮುಗಿದು ತೆನೆ ಕಣಕ್ಕೆ ಹೋಯಿತೆಂದರೆ ಹೊಲದ ಕಂಟಿ ಸರಿಯುತ್ತಿತ್ತು. ಕೂಳೆ ಮೇಯಲು ಊರ ದನ ಒಳಬರುತ್ತಿದ್ದವು, ಕುರಿಗಾಹಿಗಳು ಮಂದೆ ನಿಲ್ಲಿಸಿ ಹೊಲಕ್ಕೆ ಗೊಬ್ಬರ ಬಿಟ್ಟುಹೋಗುತ್ತಿದ್ದರು. ಬೆಳೆ ಇರುವಷ್ಟು ದಿನ ಮಾತ್ರ ಬೇಲಿ.

ಬೇಲಿಗೆ ಬಾಗಿಲೂ ಇತ್ತು. ಮಲೆನಾಡಿನ ಉಣುಗೋಲನ್ನೇ ನೋಡಿ. ಎರಡು ಗಟ್ಟಿ ಕಂಬ, ಅವುಗಳಲ್ಲಿ ಎದುರುಬದುರಾಗಿ ಕೊರೆದ ತೂತು, ತೂತಿನಲ್ಲಿ ತೂರಿಸಿದ ಮೂರೋ ನಾಲ್ಕೋ ಬಿದಿರ ಗಳ. ತಲೆ ಮೇಲೆ ಹುಲ್ಲಿನ ಹೊರೆ ಇದ್ದರೂ ಒಂದು ಕೈಯಲ್ಲಿ ಗಳ ಸರಿಸಿ ದಾಟಬಹುದು. ದನಕ್ಕೆ ಆ ಉಪಾಯ ಹೊಳೆಯದು. ದಾಟಿದವರು ಗಳವನ್ನು ಮತ್ತೆ ಎಳೆದುಹಾಕಲೇಬೇಕು. ಮರೆತವರಿಗೆ ಊರೆಲ್ಲ ಬೈಗುಳ. ಅಷ್ಟಾದರೂ ನುಗ್ಗುವ ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು, ಇಲ್ಲವೇ ದೊಡ್ಡಿಗೆ ಹೊಡೆಯುತ್ತಿದ್ದರು. ಬ್ರಿಟಿಷ್ ಆಡಳಿತ ಈ ದೊಡ್ಡಿಗಳಿಗೆಂದೇ 1871ರಲ್ಲಿ ಕಾಯ್ದೆ ತಂದಿತು.

ಅದಾದ ಮೂರು ವರ್ಷಕ್ಕೆ, 1874ರಲ್ಲಿ, ಅಮೆರಿಕದ ಇಲಿನಾಯ್ ಪ್ರಾಂತ್ಯದ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಅಲ್ಲಿನ ಹುಲ್ಲುಗಾವಲಿನಲ್ಲಿ ಬೇಲಿಗೆ ಬೇಕಾದಷ್ಟು ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಗ್ಲಿಡನ್ ಚಿಕ್ಕ ತಂತಿಯ ಮುಳ್ಳನ್ನು ಎರಡು ಎಳೆಗಳ ಹುರಿಯಲ್ಲಿ ಜಾರದಂತೆ ಸಿಕ್ಕಿಸಿದ. ಆ ತಂತಿ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲೂ ಕಲ್ಲುಕಂಬ ಹೂತು ತಂತಿ ಎಳೆಯುವುದು ರೂಢಿಯಾಯಿತು. ವರ್ಷವರ್ಷ ಕಟ್ಟುವ ಕೆಲಸ ತಪ್ಪಿತು, ಸುಗ್ಗಿಯ ಮೇಲೆ ಬಿಚ್ಚುವ ಪದ್ಧತಿಯೂ ಅದರ ಜೊತೆಗೇ ಹೋಯಿತು.

ದನದ ಬೇಲಿಗೆ ಆನೆ ಬಂದಾಗ

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಅವುಗಳಿಗೆ ಮುಳ್ಳುತಂತಿ ಲೆಕ್ಕಕ್ಕಿಲ್ಲ. ಕಾಡಂಚಿಗೆ ಸುಮಾರು ಮೂರು ಮೀಟರ್ ಅಗಲ, ಅಷ್ಟೇ ಆಳದ ಕಂದಕ ತೋಡಿದ್ದಾಯಿತು. ಮಳೆಗೆ ಅದರ ಅಂಚು ಕುಸಿಯುತ್ತದೆ; ಕುಸಿಯದಿದ್ದಲ್ಲಿ ಆನೆಯೇ ಕಾಲಿನಿಂದ ಮಣ್ಣು ಜರಿಸಿ ಇಳಿಜಾರು ಮಾಡಿಕೊಳ್ಳುತ್ತದೆ. ಆಮೇಲೆ ಸೋಲಾರ್ ಬೇಲಿ ಬಂತು. ಅದು ಸೆಕೆಂಡಿಗೊಮ್ಮೆ ಬಡಿಯುವ ಕ್ಷಣಮಾತ್ರದ ಆಘಾತ ನೋವು ಕೊಡುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಬೇರೆಯೇ ಮಾತು. ಅದು ಅಪರಾಧ; ಅದಕ್ಕೆ ಆನೆಗಳೂ ಬಲಿಯಾಗಿವೆ, ಮನುಷ್ಯರೂ ಬಲಿಯಾಗಿದ್ದಾರೆ. ಸೋಲಾರ್ ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ ನೆಲಕ್ಕೆ ಹರಿದುಹೋಗುತ್ತದೆ. ಇನ್ನು ಆನೆಗೆ, ದಂತಕ್ಕೆ ಕರೆಂಟು ಹೊಡೆಯುವುದಿಲ್ಲ ಎಂಬುದು ಬೇಗ ಗೊತ್ತಾಗುತ್ತದೆ. ದಂತದಿಂದ ತಂತಿ ಹರಿಯುತ್ತದೆ, ಇಲ್ಲವೇ ತಂತಿಯ ಮೇಲೆ ಮರ ಕೆಡವಿ ದಾಟುತ್ತದೆ.

ಹಳಿಯ ಯೋಚನೆ ಬಂದದ್ದು ದಕ್ಷಿಣ ಆಫ್ರಿಕಾದ ಆಡೋದಿಂದ. ಅಲ್ಲಿ ರೈತರ ದೂರಿನ ಮೇಲೆ 1919-20ರಲ್ಲಿ ನೂರಕ್ಕೂ ಹೆಚ್ಚು ಆನೆಗಳನ್ನು ಗುಂಡಿಟ್ಟು ಕೊಂದರು. 1931ರಲ್ಲಿ ಆಡೋ ರಾಷ್ಟ್ರೀಯ ಉದ್ಯಾನ ಘೋಷಣೆಯಾದಾಗ ಉಳಿದಿದ್ದವು ಹನ್ನೊಂದೇ. ಅವು ಹೊಲಕ್ಕೆ ಹೋಗದಿರಲೆಂದು ಒಳಗೇ ಕಿತ್ತಳೆ ಸುರಿದು ಸಾಕಿದ್ದೂ ಉಂಟು. 1954ರಲ್ಲಿ ಉದ್ಯಾನದ ವ್ಯವಸ್ಥಾಪಕ ಗ್ರಹಾಂ ಆರ್ಮ್‌ಸ್ಟ್ರಾಂಗ್ ಟ್ರಾಮ್ ಹಳಿಗಳನ್ನು ನೆಟ್ಟು, ಲಿಫ್ಟಿನ ಉಕ್ಕಿನ ಹಗ್ಗ ಬಿಗಿದು 2,270 ಹೆಕ್ಟೇರ್ ಸುತ್ತುಗಟ್ಟಿದ. ಆಗ 22 ಆನೆಗಳಿದ್ದವು. ಇಂದು ಆ ಸಂಖ್ಯೆ 600 ದಾಟಿದೆ.

ಹಳಿ ನೆಟ್ಟ ಮೇಲೂ

ನಮ್ಮಲ್ಲಿ ಹಳಿ ಬೇಲಿಯಿಂದ ಬೆಳೆ ಉಳಿದ ಊರುಗಳಿವೆ. ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು ಕೂತು ಬೆಳಗಾದ ಮೇಲೆ ದುಡಿಯಲು ಹೋಗಬೇಕಿದ್ದ ಕುಟುಂಬಕ್ಕೆ ಅದು ಸಣ್ಣ ಸಮಾಧಾನವಲ್ಲ. ಜಿಂಕೆಯಂಥ ಪ್ರಾಣಿಗಳು ಹಳಿಯ ಕೆಳಗೆ ನುಸುಳಿ ಹೋಗುತ್ತವೆ, ಆನೆಗಷ್ಟೇ ತಡೆ. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಹಳಿ ದಾಟಲು ಹತ್ತಿದ ಸಲಗವೊಂದು ಅದರ ಮೇಲೇ ಸಿಕ್ಕಿ ಸತ್ತಿತು. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಆನೆಗಳು ತೋಟದೊಳಗೇ ಬೀಡುಬಿಟ್ಟಿವೆ. ಬೇಲಿಯ ಯಾವ ಬದಿ ಕಾಡು, ಯಾವುದು ಊರು?

ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿ ಈ ತೊಡಕನ್ನು ನೇರವಾಗಿ ಎದುರಿಸಿತು. ಆನೆಗಳಿಗೇ ಬಿಡಬೇಕಾದ ನೆಲ, ಆನೆ-ಜನ ಹೊಂದಿಕೊಂಡು ಇರಬೇಕಾದ ನೆಲ, ಆನೆಗಳನ್ನು ಹಿಡಿದು ಸಾಗಿಸಬೇಕಾದ ನೆಲ ಎಂದು ಮೂರು ವಲಯ ಗುರುತಿಸಲು ಅದು ಹೇಳಿತು. ಬೇಲಿಗೆ ಮೊದಲು ಆಗಬೇಕಾದ ಕೆಲಸ ಇದೇ: ಆನೆ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ ಎಂದು ಗೊತ್ತುಮಾಡಿಕೊಂಡು ಆ ದಾರಿಯನ್ನು ಬಿಡುವುದು. ಅದನ್ನು ಬಿಡದೆ ಹಳಿ ಹೂತರೆ ಒಂದು ಊರಿನ ಕಷ್ಟ ಪಕ್ಕದ ಊರಿಗೆ ದಾಟುತ್ತದೆ, ಅಷ್ಟೆ.

ಇನ್ನೊಂದು ಕೆಲಸ ಆರೈಕೆ. ಹೊಸ ಬೇಲಿಗೆ ಸಿಗುವ ದುಡ್ಡು, ಗಮನ ಹಳೆಯ ಕಂದಕದ ಹೂಳಿಗೆ, ತಂತಿಗೆ ತಾಗಿದ ಹುಲ್ಲಿಗೆ, ಸಡಿಲಾದ ಬೋಲ್ಟಿಗೆ ಸಿಗುವುದಿಲ್ಲ. ಪ್ರತಿ ಬೇಲಿಯ ಅಂದಾಜುಪಟ್ಟಿಯಲ್ಲೇ ಮುಂದಿನ ವರ್ಷಗಳ ನಿರ್ವಹಣೆಯ ಹಣ ಸೇರಬೇಕು. ಅದನ್ನು ನೋಡಿಕೊಳ್ಳುವ ಕೆಲಸ, ಸಂಬಳದ ಸಮೇತ, ಆ ಅಂಚಿನ ಊರಿನವರಿಗೇ ಸಿಗಬೇಕು. ಆನೆ ಯಾವ ರಾತ್ರಿ ಎಲ್ಲಿ ಇಳಿಯುತ್ತದೆ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿಲ್ಲ.