ತೊಗರಿಯ ಪತಂಗವೂ ರೈತನ ಸಂದೇಹವೂ

ಕಲಬುರಗಿ ಜಿಲ್ಲೆಯ ಎರೆ ಭೂಮಿಯಲ್ಲಿ ತೊಗರಿಯು ಪ್ರಧಾನವಾದ ಬೆಳೆಯೆಂಬುದು ಎಲ್ಲರಿಗೂ ವಿದಿತವಾಗಿಯೇ ಇದೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುವುದು. ಆದರೆ ಬೆಳೆಯು ಹೂವಾಡುವ ಕಾಲದಲ್ಲಿ ನಾಲ್ಕು ದಿನ ಮೋಡ ಕವಿಯಿತೆಂದರೆ ರೈತನ ಎದೆ ಕುಗ್ಗುವುದು. ಮೋಡ ಬಂದರೆ ಕೀಡೆ ಬೀಳುವುದೆಂದು ಹಿರಿಯರು ಹೇಳುವರು. ಮೋಡ ಬಂದೊಡನೆ ಔಷಧ ಹೊಡೆಯಬೇಕೆಂದು ಮಾರುವವರು ಹೇಳುವರು. 1997-98ರ ಹಂಗಾಮಿನಲ್ಲಿ ಈ ಕೀಡೆಯ ಹಾವಳಿಯಿಂದ ಈ ಭಾಗದ ತೊಗರಿಯು ಹಾಳಾದುದನ್ನು ಕಂಡವರು ಇಂತಹ ಮಾತುಗಳಿಗೆ ಬೇಗನೆ ಕಿವಿಗೊಡುವುದು ಆಶ್ಚರ್ಯವಲ್ಲ. ಆದರೂ ಯಾವ ಮಾತನ್ನೇ ಆಗಲಿ ನಂಬುವುದಕ್ಕೆ ಮುಂಚೆ, ಅದು ನಿಜವೋ ಅಲ್ಲವೋ ಎಂಬುದನ್ನು ತನ್ನ ಹೊಲದಲ್ಲಿಯೇ ಪರೀಕ್ಷಿಸಿ ನೋಡುವ ಬಗೆಯೊಂದಿದೆ. ಆ ಬಗೆಯನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶವು.

ಕೀಡೆಯು ಎಲ್ಲಿಂದ ಬರುವುದು?

ತೊಗರಿಯ ಕಾಯಿಯನ್ನು ಕೊರೆಯುವ ಮುಖ್ಯವಾದ ಕೀಡೆಯು ಒಂದು ಪತಂಗದ ಮರಿಯಾಗಿದೆ. ಶಾಸ್ತ್ರಜ್ಞರು ಇದನ್ನು ಹೆಲಿಕೊವರ್ಪ ಆರ್ಮಿಜೆರ ಎಂದು ಕರೆಯುವರು. ಹೆಣ್ಣು ಪತಂಗವು ಇರುಳಿನಲ್ಲಿ ಹಾರಿ ಬಂದು ಮೊಗ್ಗು, ಹೂವು, ಎಳೆಗಾಯಿಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುವುದು. ಮೊಟ್ಟೆಯು ಸಾಸಿವೆ ಕಾಳಿಗಿಂತಲೂ ಚಿಕ್ಕದು; ನಸುಹಳದಿ ಬಣ್ಣದ್ದು. ಮೂರರಿಂದ ಐದು ದಿನಗಳಲ್ಲಿ ಅದು ಒಡೆದು ನೂಲೆಳೆಯಂತಹ ಮರಿ ಹೊರಬೀಳುವುದು. ಮರಿಯು ಎರಡು ಮೂರು ವಾರಗಳವರೆಗೆ ತಿಂದು ಬೆಳೆದು, ಬಳಿಕ ಮಣ್ಣಿನೊಳಗೆ ಇಳಿದು ಕಂದುಬಣ್ಣದ ಕೋಶವಾಗುವುದು. ಕೋಶದಿಂದ ಸುಮಾರು ಎರಡು ವಾರಗಳಲ್ಲಿ ಮತ್ತೆ ಪತಂಗವು ಹೊರಬರುವುದು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ವಿಚಾರ ಮಾಡಿದರೆ, ನಿನ್ನೆಯ ಮೋಡದಿಂದ ಇಂದು ಬೆರಳುದ್ದದ ಕೀಡೆ ಹುಟ್ಟಲಾರದೆಂಬುದು ಸ್ಪಷ್ಟವಾಗುವುದು. ಇಂದು ಕಣ್ಣಿಗೆ ಬೀಳುವ ದೊಡ್ಡ ಕೀಡೆಯ ಮೊಟ್ಟೆಯು ಎರಡು ವಾರಗಳಿಗಿಂತಲೂ ಹಿಂದೆ ಇಡಲ್ಪಟ್ಟುದು. ಹಾಗಾದರೆ ಹಿರಿಯರು ಕಂಡುದು ಸುಳ್ಳೇ? ಅಲ್ಲ. ಮೋಡವೂ, ಹೂವೂ, ಪತಂಗವೂ ಒಂದೇ ಕಾಲದಲ್ಲಿ ಬರುವುದನ್ನು ಅವರು ಸರಿಯಾಗಿಯೇ ಕಂಡರು. ಜೊತೆಯಲ್ಲಿ ಬಂದುದೆಲ್ಲವೂ ಕಾರಣವೆಂದು ತಿಳಿದುದು ಮಾತ್ರವೇ ತಪ್ಪು.

ಕಮಲಾಪುರದ ಸಮೀಪದ ಒಂದು ಹೊಲದಲ್ಲಿ ಈ ಮಾತನ್ನು ನಾನು ಹೇಳಿದಾಗ ಆ ಹೊಲದ ಯಜಮಾನರು ಒಪ್ಪಲಿಲ್ಲ. ಒಪ್ಪದಿದ್ದುದೇ ಒಳ್ಳೆಯದಾಯಿತು. ಮೊಗ್ಗು ಮೂಡುತ್ತಿದ್ದ ಹತ್ತು ಕೊಂಬೆಗಳನ್ನು ಆರಿಸಿ, ಮೊಟ್ಟೆ ಮರಿಗಳಿಲ್ಲವೆಂದು ನೋಡಿಕೊಂಡು, ತೆಳುವಾದ ಮಲ್ಮಲ್ ಬಟ್ಟೆಯ ಚೀಲಗಳಿಂದ ಮುಚ್ಚಿ ಕಟ್ಟಿದೆವು. ಪಕ್ಕದ ಹತ್ತು ಕೊಂಬೆಗಳನ್ನು ತೆರೆದೇ ಬಿಟ್ಟೆವು. ಮೋಡದ ತಂಪು ಬಟ್ಟೆಯೊಳಗೆ ಹೋಗಬಲ್ಲದು, ಪತಂಗವು ಹೋಗಲಾರದು. ಎರಡು ವಾರಗಳ ಮೇಲೆ ಬಿಚ್ಚಿ ನೋಡಲು ತೆರೆದ ಕೊಂಬೆಗಳಲ್ಲಿ ಕೀಡೆಗಳಿದ್ದವು. ಮುಚ್ಚಿದವುಗಳಲ್ಲಿ ಒಂದೂ ಇರಲಿಲ್ಲ.

ಅವರು ಆಗಲೂ ಒಪ್ಪಲಿಲ್ಲ. "ಅಲ್ರೀ ಸಾಹೇಬ್ರ, ಅರಿವಿ ಕಟ್ಟಿದ್ರ ನೆಳ್ಳಾಗತದ, ಇಬ್ಬನಿ ಬೀಳೂದಿಲ್ಲ. ಕೀಡಿ ಅದಕ್ಕೇ ಬಂದಿರಲಿಕ್ಕಿಲ್ಲ" ಎಂದರು. ಈ ಸಂದೇಹವು ಬಹಳ ಬೆಲೆಯುಳ್ಳದ್ದು. ಅದಕ್ಕಾಗಿ ಇನ್ನೂ ಐದು ಕೊಂಬೆಗಳಿಗೆ ಅದೇ ಬಟ್ಟೆಯನ್ನು ಕಟ್ಟಿ, ರಾತ್ರಿ ದೀಪಕ್ಕೆ ಬಂದ ಅದೇ ಜಾತಿಯ ಪತಂಗಗಳನ್ನು ಹಿಡಿದು ಒಳಗೆ ಬಿಟ್ಟೆವು. ಅಲ್ಲಿಯೂ ನೆರಳಿತ್ತು, ಇಬ್ಬನಿಯಿರಲಿಲ್ಲ. ಆದರೂ ಮೂರು ಚೀಲಗಳಲ್ಲಿ ಮರಿಗಳು ಹುಟ್ಟಿದವು. ಆಮೇಲೆ ಅವರು ತಲೆದೂಗಿದರು. ನಾನು ಕಲಿತ ಕಾಲೇಜಿನಲ್ಲಿ ಈ ಮೂರನೆಯ ಚೀಲದ ವಿಷಯವನ್ನು ಪುಸ್ತಕದಿಂದ ಓದಿದ್ದೆನು. ಅವರು ಅದನ್ನು ತಮ್ಮ ಬುದ್ಧಿಯಿಂದಲೇ ಕಂಡುಕೊಂಡರು.

ಈ ಪರೀಕ್ಷೆಯು ಹೊಸದಲ್ಲ. ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುವುವೆಂದು ಯೂರೋಪಿನ ಪಂಡಿತರೂ ಬಹುಕಾಲ ನಂಬಿದ್ದರು. ಇಟಲಿ ದೇಶದ ಫ್ರಾಂಚೆಸ್ಕೋ ರೆಡಿ ಎಂಬ ವೈದ್ಯನು ಮಾಂಸದ ಪಾತ್ರೆಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿ, ನೊಣ ಮುಟ್ಟದ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲವೆಂದು 1668ರಲ್ಲಿ ಪ್ರಕಟಿಸಿದನು. ಮರಿಯಾ ಸಿಬಿಲಾ ಮೇರಿಯನ್ ಎಂಬ ಚಿತ್ರಗಾರ್ತಿಯು ಕಂಬಳಿಹುಳುಗಳನ್ನು ಅವುಗಳ ಮೇವಿನ ಗಿಡದೊಡನೆ ಮನೆಯಲ್ಲಿ ಸಾಕಿ, ಹುಳು, ಕೋಶ, ಪಾತರಗಿತ್ತಿ ಇವು ಒಂದೇ ಜೀವಿಯ ಅವಸ್ಥೆಗಳೆಂದು ಚಿತ್ರ ಸಹಿತವಾಗಿ 1679ರಲ್ಲಿ ಪುಸ್ತಕ ಮಾಡಿದಳು. ಆದರೆ ರೆಡಿಯೂ ಗಿಡದ ಗಂಟುಗಳಲ್ಲಿ ಕಾಣುವ ಹುಳುಗಳು ಗಿಡದಿಂದಲೇ ಹುಟ್ಟುವುವೆಂದು ನಂಬಿದ್ದನು. ಅದನ್ನು ಅವನ ಅನಂತರದವರು ತಿದ್ದಬೇಕಾಯಿತು. ಒಂದು ವಿಷಯದಲ್ಲಿ ಸರಿಯಾಗಿ ಸಂದೇಹಪಟ್ಟವನ ಮಾತನ್ನು ಇನ್ನೊಂದು ವಿಷಯದಲ್ಲಿ ಪರೀಕ್ಷಿಸದೆ ಒಪ್ಪಬೇಕಾದುದಿಲ್ಲ.

ಸೀಸೆಯಲ್ಲಿ ಸಾಕಿ ನೋಡುವುದು

ಹಸಿರು ಕೀಡೆ ಬೇರೆ, ಕಂದು ಕೀಡೆ ಬೇರೆ, ಒಂದೊಂದಕ್ಕೆ ಒಂದೊಂದು ಔಷಧವೆಂದು ಕೆಲವರು ತಿಳಿದಿರುವರು. ಅಗಲ ಬಾಯಿಯ ಸೀಸೆಗಳಲ್ಲಿ ನಾಲ್ಕು ಬೆರಳು ತೇವದ ಮಣ್ಣು ಹಾಕಿ, ಬೇರೆ ಬೇರೆ ಬಣ್ಣದ ಕೀಡೆಗಳನ್ನು ಬಿಟ್ಟು, ದಿನವೂ ಹೊಸ ಕಾಯಿ ಕೊಟ್ಟು ಬಟ್ಟೆ ಕಟ್ಟಿಡಬೇಕು. ಮಣ್ಣಿನಿಂದ ಎದ್ದು ಬರುವ ಪತಂಗಗಳನ್ನು ಹೋಲಿಸಿದರೆ ಬಹುಮಟ್ಟಿಗೆ ಒಂದೇ ಜಾತಿಯವೆಂದು ಗೊತ್ತಾಗುವುದು. ಒಂದು ಸೀಸೆಗೆ ಒಂದೇ ಕೀಡೆಯನ್ನು ಬಿಡತಕ್ಕದ್ದು. ಈ ಕೀಡೆಗಳು ಒಂದನ್ನೊಂದು ತಿನ್ನುವುವು. ಹತ್ತನ್ನು ಕೂಡಿಹಾಕಿ ಎರಡನ್ನು ಕಂಡವನು, ಎಂಟು ರೋಗದಿಂದ ಸತ್ತವೆಂದು ತಪ್ಪು ತಿಳಿದಾನು.

ಪಾತರಗಿತ್ತಿ ಸಾಧು, ಪತಂಗ ದುಷ್ಟ ಎಂಬ ಮಾತೂ ಹೀಗೆಯೇ ಪರೀಕ್ಷೆಗೆ ನಿಲ್ಲುವುದಿಲ್ಲ. ಹಗಲು ಹಾರುವುದು, ಮೀಸೆಯ ತುದಿ ದಪ್ಪವಾಗಿರುವುದು, ಕುಳಿತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸುವುದು ಇವು ಸಾಮಾನ್ಯವಾಗಿ ಪಾತರಗಿತ್ತಿಯ ಲಕ್ಷಣಗಳು. ಆದರೆ ಹಗಲು ಹಾರುವ ಪತಂಗಗಳೂ ಉಂಟು. ತೊಗರಿ ಹೂವಿನ ಸುತ್ತ ಹಾರಾಡುವ ಹೆಬ್ಬೆರಳುಗುರಿನಷ್ಟು ಅಗಲದ ರೆಕ್ಕೆಯ ಒಂದು ನೀಲಿ ಪಾತರಗಿತ್ತಿಯ ಮರಿಯೂ ಮೊಗ್ಗು ಕಾಯಿಗಳನ್ನು ಕೊರೆಯುವುದು. ರೇಷ್ಮೆ ಕೊಡುವ ಹುಳುವಾದರೋ ಪತಂಗದ ಮರಿಯೇ.

ಕಮಲಾಪುರದ ಕೆಂಬಾಳೆಯ ತೋಟಗಳಲ್ಲಿ ಅತಿಯಾಗಿ ಹಣ್ಣಾಗಿ ಒಡೆದ ಹಣ್ಣಿನ ಮೇಲೆ ಪಾತರಗಿತ್ತಿಗಳು ಕುಳಿತುದನ್ನು ಕಂಡು, ಹಣ್ಣು ಕೆಡಿಸಿದವುಗಳು ಇವೇ ಎನ್ನುವರು. ಪಾತರಗಿತ್ತಿಯ ಬಾಯಿಯು ಮೆತ್ತನೆಯ ಕೊಳವೆ. ಒಡೆದ ಹಣ್ಣಿನ ರಸವನ್ನು ಹೀರಬಲ್ಲದೇ ಹೊರತು ಗಟ್ಟಿ ಸಿಪ್ಪೆಯನ್ನು ಚುಚ್ಚಲಾರದು. ಹಾಗೆಂದು, ರೆಕ್ಕೆ ಬಂದ ಯಾವ ಪತಂಗವೂ ಹಣ್ಣು ಕೆಡಿಸದೆಂದು ಸೂತ್ರ ಮಾಡಿದರೆ ಅದೂ ತಪ್ಪು. ಮೋಸಂಬಿ, ದಾಳಿಂಬೆಗಳ ಸಿಪ್ಪೆಯನ್ನು ಚೂಪಾದ ಬಾಯಿಯಿಂದ ಇರುಳಿನಲ್ಲಿ ಚುಚ್ಚುವ ದೊಡ್ಡ ಪತಂಗಗಳಿವೆ. ಅವುಗಳ ಮರಿಗಳು ತೋಟದಲ್ಲಿರದೆ ಬೇಲಿಯ ಅಮೃತಬಳ್ಳಿಯಂತಹ ಬಳ್ಳಿಗಳಲ್ಲಿ ಬೆಳೆಯುವುವು. ಆದುದರಿಂದ ಸೂತ್ರವನ್ನು ನಂಬಿ ಕೂಡದೆ, ಆಯಾ ಕೀಟವನ್ನೇ ಕಣ್ಣಾರೆ ನೋಡಿ ನಿರ್ಣಯಿಸತಕ್ಕದ್ದು.

ಔಷಧವು ಕೆಲಸ ಮಾಡಿತೇ?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರುಷಗಳ ಹಿಂದೆ ಒಂದು ಹೊಲದಲ್ಲಿ ಬಲಿತ ಕೀಡೆಗಳು ತುಂಬಿದ್ದಾಗ ಹೊಸದೊಂದು ಔಷಧವನ್ನು ಹೊಡೆಸಿದೆನು. ಐದು ದಿನಗಳ ಮೇಲೆ ನೋಡಲು ಗಿಡದ ಮೇಲೆ ಕೀಡೆಗಳೇ ಇರಲಿಲ್ಲ. ಔಷಧವು ಗುಣಕಾರಿಯೆಂದು ವರದಿ ಬರೆದು, ಅಕ್ಕಪಕ್ಕದ ಮೂವರಿಗೂ ಅದನ್ನೇ ಕೊಳ್ಳಲು ಹೇಳಿದೆನು. ಅಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಮುದುಕಿಯು ಖುರ್ಪಿಯಿಂದ ಗಿಡದ ಬುಡವನ್ನು ಕೆದರಿ, ಕಂದು ಕೋಶಗಳನ್ನು ಅಂಗೈಯಲ್ಲಿ ತೋರಿಸಿ, "ಕೀಡಿ ಸತ್ತಿಲ್ರಿ ಸಾಹೇಬ್ರ, ನೆಲದಾಗ ಮಲಗ್ಯಾವ" ಎಂದಳು. ಅವು ಔಷಧಕ್ಕೆ ಹೆದರಿ ಹೋದವಲ್ಲ. ತಮ್ಮ ತಿನ್ನುವ ಕಾಲ ಮುಗಿಸಿ, ಕಾಯಿಗಳನ್ನು ಬರಿದುಮಾಡಿ ಇಳಿದಿದ್ದವು. ಆ ಮೂವರ ಹಣ ಅಷ್ಟರಲ್ಲಿ ಖರ್ಚಾಗಿತ್ತು, ಕಾಳೂ ಉಳಿಯಲಿಲ್ಲ. ಹೊಲದ ಒಂದು ಪಟ್ಟಿಯನ್ನು ಔಷಧ ಹೊಡೆಯದೆ ಬಿಟ್ಟಿದ್ದರೆ, ಅಲ್ಲಿಯೂ ಕೀಡೆಗಳು ಮಾಯವಾದುದು ನನಗೆ ಕಾಣುತ್ತಿತ್ತು.

ಆ ದಿನದಿಂದ ನಾನು ಅನುಸರಿಸುವ ಕ್ರಮವು ಈ ರೀತಿಯಾಗಿದೆ:

1. ಹೊಲದಲ್ಲಿ ಒಂದೇ ತರದ ಮಣ್ಣು ಬೆಳೆಗಳಿರುವ ಆರು ಪಟ್ಟಿಗಳನ್ನು ಗುರುತಿಸಬೇಕು. ಪಟ್ಟಿಗಳ ನಡುವೆ ಕೆಲವು ಸಾಲುಗಳ ಅಂತರವಿರಬೇಕು.

2. ಯಾವ ಮೂರಕ್ಕೆ ಔಷಧ, ಯಾವ ಮೂರಕ್ಕೆ ಬೇಡವೆಂಬುದನ್ನು ಚೀಟಿ ಎತ್ತಿ ನಿಶ್ಚಯಿಸಬೇಕು. ನಾವೇ ಆರಿಸಿದರೆ ಒಳ್ಳೆಯ ಪಟ್ಟಿಯು ನಮಗೆ ಬೇಕಾದ ಕಡೆಗೆ ಹೋಗುವುದು.

3. ಹೊಡೆಯುವ ಮುಂಚೆ, ಮೂರು ದಿನಗಳ ಮೇಲೆ, ಏಳು ದಿನಗಳ ಮೇಲೆ ಪ್ರತಿ ಪಟ್ಟಿಯಲ್ಲಿ 20 ಗಿಡಗಳ ಕೀಡೆಗಳನ್ನು ಎಣಿಸಿ ಬರೆದಿಡಬೇಕು. ಎಣಿಸುವವನಿಗೆ ಯಾವುದು ಯಾವ ಪಟ್ಟಿಯೆಂದು ತಿಳಿಯದಿದ್ದರೆ ಇನ್ನೂ ಉತ್ತಮ.

4. ರಾಶಿಯಾದ ಮೇಲೆ ಪಟ್ಟಿಗಳ ಕಾಳನ್ನು ಬೇರೆ ಬೇರೆ ತೂಗಬೇಕು. ಸತ್ತ ಕೀಡೆಗಳಿಂದ ಮನೆ ನಡೆಯುವುದಿಲ್ಲ. ಉಳಿದ ಕಾಳಿನ ಬೆಲೆಯು ಔಷಧದ ಮತ್ತು ಕೂಲಿಯ ಖರ್ಚಿಗಿಂತ ಹೆಚ್ಚಾಯಿತೇ ಎಂಬುದೇ ಮುಖ್ಯವು.

ಒಮ್ಮೆ ಗೆದ್ದ ಔಷಧವು ಎಂದೆಂದಿಗೂ ಗೆಲ್ಲುವುದೆಂದೂ ತಿಳಿಯಬಾರದು. ಪೈರಿಥ್ರಾಯ್ಡ್ ಜಾತಿಯ ಔಷಧಗಳು ಮೊದಲಲ್ಲಿ ಈ ಕೀಡೆಯನ್ನು ಚೆನ್ನಾಗಿ ಕೊಂದವು. 1987ರ ಹಂಗಾಮಿನಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಅವು ಸೋತವು. ತಡೆದುಕೊಳ್ಳಬಲ್ಲ ಕೀಡೆಗಳು ಉಳಿದು, ಅವುಗಳ ಸಂತತಿಯೇ ಹೆಚ್ಚಿದುದು ಇದಕ್ಕೆ ಕಾರಣವು.

ಸಂದೇಹವೆಂದರೆ ನಿರಾಕರಣೆಯಲ್ಲ

ಏನನ್ನೂ ನಂಬದಿರುವುದೇ ಬುದ್ಧಿವಂತಿಕೆಯೆಂದು ಕೆಲವರು ಭಾವಿಸುವರು. ಅದು ಏನನ್ನೂ ಪರೀಕ್ಷಿಸದೆ ನಂಬುವುದರ ಇನ್ನೊಂದು ರೂಪವಷ್ಟೆ. ಇದಕ್ಕೆ ಒಂದು ಪತಂಗದ ಕಥೆಯೇ ದೃಷ್ಟಾಂತವು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳ ಮಸಿಯಿಂದ ಮರಗಳು ಕಪ್ಪಾದ ಕಡೆಗಳಲ್ಲಿ ಒಂದು ಜಾತಿಯ ಬಿಳಿ ಚುಕ್ಕೆಯ ಪತಂಗಗಳು ಕಡಿಮೆಯಾಗಿ, ಕಪ್ಪು ಬಣ್ಣದವು ಹೆಚ್ಚಿದವು. ಕಪ್ಪು ತೊಗಟೆಯ ಮೇಲೆ ಬಿಳಿಯವುಗಳು ಹಕ್ಕಿಗಳ ಕಣ್ಣಿಗೆ ಬೇಗ ಬೀಳುವುವೆಂದು 1950ರ ದಶಕದಲ್ಲಿ ಕೆಟಲ್‌ವೆಲ್ ಎಂಬವರು ಪ್ರಯೋಗದಿಂದ ತೋರಿಸಿದರು. ಪತಂಗಗಳನ್ನು ಮರದ ಕಾಂಡದ ಮೇಲೆ ಕೈಯಿಂದ ಬಿಟ್ಟುದು ಸಹಜವಲ್ಲವೆಂದು ಮುಂದೆ ಆಕ್ಷೇಪಣೆಗಳು ಬಂದವು. ಕೆಲವರು ಇಡೀ ವಿಷಯವೇ ಸುಳ್ಳೆಂದರು. ಮೈಕೇಲ್ ಮಜೇರಸ್ ಎಂಬ ಕೀಟಶಾಸ್ತ್ರಜ್ಞರು ಆಕ್ಷೇಪಣೆಗಳನ್ನು ಮನ್ನಿಸಿ, ಕೇಂಬ್ರಿಜ್ಜಿನ ಬಳಿ ಆರು ವರುಷ 4,864 ಪತಂಗಗಳನ್ನು ಬಿಟ್ಟು ಪರೀಕ್ಷೆಯನ್ನು ಹೊಸದಾಗಿ ನಡೆಸಿದರು. ಮಸಿ ತೊಲಗಿ ಮರಗಳು ತಿಳಿಯಾಗಿದ್ದ ಆ ಕಾಲದಲ್ಲಿ ಹಕ್ಕಿಗಳು ಕಪ್ಪು ಪತಂಗಗಳನ್ನೇ ಹೆಚ್ಚಾಗಿ ಹಿಡಿದವು. ಅವರು 2009ರಲ್ಲಿ ತೀರಿಕೊಂಡರು; ಫಲಿತಾಂಶವು 2012ರಲ್ಲಿ ಅಚ್ಚಾಯಿತು. ಸಂದೇಹವು ಹಳೆಯ ಮಾತನ್ನು ಕೆಡವಲಿಲ್ಲ, ಅದರ ಬುಡವನ್ನು ಗಟ್ಟಿಮಾಡಿತು.

ನಮ್ಮ ಕಡೆಯಲ್ಲಿಯೂ ಹೀಗೆಯೇ ನಡೆದಿದೆ. ಅರಿವೆ ಹಾಸಿ ತೊಗರಿಯ ಗಿಡಗಳನ್ನು ಮೆಲ್ಲನೆ ಅಲ್ಲಾಡಿಸಿ, ಉದುರಿದ ಕೀಡೆಗಳನ್ನು ಕೂಡಿಸಿ ನಾಶಮಾಡುವ ಪದ್ಧತಿಯು ಔಷಧಗಳು ಬರುವ ಮೊದಲಿನದು. ಅದನ್ನು ಹಳೆಯದೆಂದು ನಕ್ಕವರುಂಟು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯು ರೈತರ ಹೊಲಗಳಲ್ಲಿಯೇ ಪರೀಕ್ಷಿಸಿ ಅದು ಉಪಯುಕ್ತವೆಂದು ಕಂಡಿತು. ಹಳೆಯದೆಂಬ ಕಾರಣದಿಂದ ಒಂದನ್ನು ಬಿಡುವುದೂ, ಹೊಸದೆಂಬ ಕಾರಣದಿಂದ ಇನ್ನೊಂದನ್ನು ಕೊಳ್ಳುವುದೂ ಒಂದೇ ತರದ ಮರುಳು.

ಆದುದರಿಂದ ರೈತ ಬಾಂಧವರಲ್ಲಿ ವಿಜ್ಞಾಪನೆಯೇನೆಂದರೆ: ಈ ಸಲ ಹೂವು ಮೂಡುವ ಮೊದಲೇ ಎರಡು ಚೀಲ ಬಟ್ಟೆ, ಒಂದು ಸೀಸೆ, ಒಂದು ನೋಟುಪುಸ್ತಕ ಸಿದ್ಧಮಾಡಿಕೊಳ್ಳಿರಿ. ಮೋಡ ಬಂದಾಗ ಆಕಾಶವನ್ನು ನೋಡುವುದಕ್ಕಿಂತ ಮೊಗ್ಗುಗಳನ್ನು ನೋಡಿರಿ. ಮೊಟ್ಟೆ ಮರಿಗಳನ್ನು ಎಣಿಸಿರಿ. ಔಷಧವೇ ಬೇಕಾದರೆ ಕೀಡೆಯು ಚಿಕ್ಕದಾಗಿರುವಾಗಲೇ ಹೊಡೆಯಿರಿ, ಮತ್ತು ಕೆಲವು ಸಾಲುಗಳನ್ನು ಹೊಡೆಯದೆ ಬಿಡಿರಿ. ಕಲಬುರಗಿಯ ಅಂಗಡಿಯವನು ಹೇಳಿದುದಕ್ಕೂ, ಹಿರಿಯರು ಹೇಳಿದುದಕ್ಕೂ, ಇಲಾಖೆಯ ಇನ್‌ಸ್ಪೆಕ್ಟರನು ಹೇಳಿದುದಕ್ಕೂ ಆ ಸಾಲುಗಳೇ ಸಾಕ್ಷಿ ನುಡಿಯಲಿ. ಈ ಪತ್ರಿಕೆಯಲ್ಲಿ ಹೇಳಿದ ಮಾತು ನಿಮ್ಮ ಹೊಲದಲ್ಲಿ ತಪ್ಪೆಂದು ಕಂಡುಬಂದರೆ, ಎಣಿಸಿ ಬರೆದ ಲೆಕ್ಕದೊಡನೆ ಬಂದು ತಿಳಿಸಿರಿ. ಅದನ್ನು ತಿದ್ದಿ ಬರೆಯುವುದು ನನ್ನ ಕರ್ತವ್ಯವು.