ನಮ್ಮ ಹೊಲದ ನೀರು ಎಲ್ಲಿಗೆ ಹೋಗ್ತೈತಿ?

“ಅಜ್ಜಾ, ನಮ್ಮ ಹೊಲದ ನೀರು ಹರದು ಎಲ್ಲಿಗೆ ಹೋಗ್ತೈತಿ?”

ಹೋದ ವರ್ಷದ ಮುಂಗಾರಿನಲ್ಲಿ ಗಂಗಾವತಿಯಿಂದ ಬಂದಿದ್ದ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಕೊಪ್ಪಳ ತಾಲ್ಲೂಕಿನಲ್ಲಿ ಹಿರೇಹಳ್ಳದ ಕಡೆಗೆ ಇಳಿಜಾರಾಗಿರುವ ನಾಲ್ಕು ಎಕರೆ ಹೊಲ ನಮ್ಮದು. ಹಿಂದಿನ ದಿನವಷ್ಟೇ ಮೆಕ್ಕೆಜೋಳಕ್ಕೆ ಯೂರಿಯಾ ಎರಚಿದ್ದೆ. ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಕೆಳಗಿನ ಮೂಲೆಯಲ್ಲಿ ಒಡ್ಡು ಒಡೆದು ಕೆಂಪು ನೀರು ಓಡುತ್ತಿತ್ತು.

“ಹಳ್ಳಕ್ಕ ಹೋಗ್ತೈತವ್ವಾ” ಅಂದೆ.

“ಹಳ್ಳದಿಂದ?”

ಐವತ್ತು ವರ್ಷ ಒಕ್ಕಲುತನ ಮಾಡಿದ್ದೇನೆ. ಅದರಾಚೆಗೆ ನಾನು ಯೋಚಿಸಿರಲೇ ಇಲ್ಲ.

ಸಂಜೆ ಅವಳು ಅಪ್ಪನ ಲ್ಯಾಪ್‌ಟಾಪಿನಲ್ಲಿ ಗೂಗಲ್ ಅರ್ಥ್ ತೆರೆದಳು. ಮೇಲಿಂದ ಕಾಣುವ ನಮ್ಮ ಬೇವಿನ ಮರ ಗುರುತು ಹಿಡಿದೆ. ಅಲ್ಲಿಂದ ಹಳ್ಳದವರೆಗೆ ಅವಳು ಒಂದು ಗೆರೆ ಎಳೆದಳು. ಕೆಳಗೆ ನೆಲದ ಏರಿಳಿತದ ಚಿತ್ರ ಮೂಡಿತು. ನೀರು ಎತ್ತರದಿಂದ ತಗ್ಗಿಗೆ ಹೋಗುವ ದಾರಿ ಅದು. ಹಾಗೇ ಬೆರಳು ಸರಿಸುತ್ತ ಹೋದೆವು. ಹೊಲದಿಂದ ಹಿರೇಹಳ್ಳ, ಹಿರೇಹಳ್ಳದಿಂದ ತುಂಗಭದ್ರೆ, ಮುನಿರಾಬಾದಿನ ಅಣೆಕಟ್ಟು, ಅಲ್ಲಿಂದ ಎಡದಂಡೆ ಕಾಲುವೆ. ಕಾಲುವೆ ಹಿಡಿದು ಗಂಗಾವತಿಗೆ ಬರುತ್ತಲೇ ಅವಳು ಕೂಗಿದಳು: “ಅಜ್ಜಾ, ಇದು ನಮ್ಮನಿ ಹಿಂದಿನ ಕಾಲುವಿ!”

ಅವತ್ತು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಕ್ಕಳೇ, ಮಾಳಿಗೆಯ ಮೇಲೆ ಎಲ್ಲಿ ಮಳೆ ಬಿದ್ದರೂ ನೀರು ಕೊನೆಗೆ ಹರನಾಳಿಗೆಯಿಂದಲೇ ಇಳಿಯುತ್ತದಲ್ಲ? ನೆಲಕ್ಕೂ ಹಾಗೇ ಒಂದು ಮಾಳಿಗೆ ಇದೆ. ಅದರ ಹೆಸರು ಜಲಾನಯನ. ಒಂದೇ ಹಳ್ಳಕ್ಕೆ ನೀರು ಸುರಿಸುವ ಹೊಲಗಳೆಲ್ಲ ಒಂದೇ ಮಾಳಿಗೆಯವು, ಮಾಲೀಕರು ಬೇರೆ ಬೇರೆಯಾದರೂ.

ಆ ನೀರಿನ ಜೊತೆ ಏನು ಹೋಗುತ್ತದೆ? 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಅದು ನೀರಿನಲ್ಲಿ ಕರಗಿ ಹೋಗುತ್ತದೆ. ರಂಜಕ ಮಣ್ಣಿನ ಕಣಗಳಿಗೆ ಅಂಟಿಕೊಂಡು ಹೋಗುತ್ತದೆ. ಪೈರಿಗೆ ಹಾಕಿದ ಊಟ ಕೆರೆಯ ಪಾಚಿಗೆ ಹಬ್ಬ. ಪಾಚಿ ಬೆಳೆದು, ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಉಸಿರುಗಟ್ಟುತ್ತವೆ. ಮಣ್ಣು ಹೂಳಾಗಿ ತಳದಲ್ಲಿ ಕೂರುತ್ತದೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು ಸುಮಾರು 105. ಆ ಹೂಳಿನಲ್ಲಿ ನಮ್ಮ ಹೊಲದ ಬುಟ್ಟಿ ಮಣ್ಣೂ ಇದೆ.

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಮುಂದೆ ನಿಂತು, ಜನರನ್ನು ಕೂಡಿಸಿ, ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸ್ವಚ್ಛ ಮಾಡಿಸಿದರು. ಹಳ್ಳವನ್ನು ಅಷ್ಟು ಜನ ಸೇರಿ ತೊಳೆದ ಮೇಲೆ ಮೇಲಿನಿಂದ ನಾನೇ ಹೊಲಸು ಬಿಟ್ಟರೆ ಹೇಗೆ?

ನಕ್ಷೆಗಳು ನಮ್ಮಂಥವರಿಗೂ ಸಿಗುತ್ತವೆ. ಇಸ್ರೋದ ‘ಭುವನ್’ ಜಾಲತಾಣದಲ್ಲಿ ಉಪಗ್ರಹ ಚಿತ್ರಗಳಿವೆ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿ ಕಾಣುತ್ತದೆ. ಸುಜಲ-3 ಯೋಜನೆಯಲ್ಲಿ ಕೊಪ್ಪಳವೂ ಸೇರಿ 11 ಜಿಲ್ಲೆಗಳಲ್ಲಿ ಸಣ್ಣ ಸಣ್ಣ ಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಸತ್ವ ಪರೀಕ್ಷಿಸಿ ನಕ್ಷೆ ಮಾಡಿದ್ದಾರೆ. ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲೂ ಹೊಲದ ಗೊಬ್ಬರದಿಂದ ಇದೇ ತೊಂದರೆ. ಅಲ್ಲಿ ಒಂದೊಂದು ಮೀಟರ್ ನೆಲವನ್ನೂ ತೋರಿಸುವ ನಕ್ಷೆ ಮಾಡಿ, ಗಿಡ ಮತ್ತು ಹುಲ್ಲಿನ ಪಟ್ಟಿ ಎಲ್ಲಿ ಬೇಕೆಂದು ಹುಡುಕುತ್ತಾರೆ.

ನಮ್ಮ ನಕ್ಷೆ ಇನ್ನೊಂದು ವಿಷಯ ತೋರಿಸಿತು. ಮೇಲಿನ ಎರಡು ಹೊಲಗಳ ನೀರೂ ನನ್ನ ಮೂಲೆಗೇ ಬರುತ್ತಿತ್ತು. ಬಾಜು ಹೊಲದವರಿಗೆ ತೋರಿಸಿದೆ. “ನಕ್ಷಾ ನೋಡಿ ಒಕ್ಕಲುತನ ಆಗ್ತೈತೇನ್ರೀ?” ಎಂದು ನಕ್ಕರು. ಅವರ ಮಾತಿನಲ್ಲೂ ಅರ್ಧ ಸತ್ಯ ಇತ್ತು. ಮೊಣಕಾಲೆತ್ತರದ ಒಡ್ಡು ಆ ನಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಮಳೆ ನಿಂತ ಮೇಲೆ ನಾನೇ ಹೊಲ ಸುತ್ತಿ, ನೀರು ಹರಿದ ಕೊರಕಲುಗಳನ್ನು ಹಾಳೆಯ ಮೇಲೆ ಗುರುತು ಮಾಡಿದೆ.

ಈ ವರ್ಷ ಇಳಿಜಾರಿಗೆ ಅಡ್ಡಲಾಗಿ ಬಿತ್ತಿದೆ. ಮೂಲೆಯ ಒಡ್ಡು ಗಟ್ಟಿ ಮಾಡಿ, ಹೆಚ್ಚಾದ ನೀರು ಮೆಲ್ಲಗೆ ಇಳಿಯಲು ಕಲ್ಲು ಜೋಡಿಸಿದೆ. ಅದರ ಮುಂದೆ ಎರಡು ಸಾಲು ಮೆಕ್ಕೆಜೋಳ ಬಿಟ್ಟು ಹುಲ್ಲು ಬೆಳೆಸಿದೆ. ಎರಡು ಸಾಲು ಹೋಯಿತಲ್ಲ ಎಂದು ಮನೆಯಲ್ಲಿ ಬೈಸಿಕೊಂಡೆ. ಆದರೆ ಆಕಳಿಗೆ ಮೇವಾಯಿತು. ಯೂರಿಯಾವನ್ನು ಒಮ್ಮೆಲೇ ಎರಚದೆ, ಮಳೆಯ ಮುನ್ಸೂಚನೆ ನೋಡಿ, ಕಂತಿನಲ್ಲಿ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ. ಈಗ ಮೂಲೆಯಿಂದ ಹೋಗುವ ನೀರು ತಿಳಿಯಾಗಿದೆ ಎನ್ನಲಾರೆ. ಆದರೆ ಮೊದಲಿನಷ್ಟು ಕೆಂಪಾಗಿಲ್ಲ. ಹುಲ್ಲಿನ ಬುಡದಲ್ಲಿ ಗೇಣಗಲ ಮಣ್ಣು ನಿಂತಿದೆ. ನಕ್ಕಿದ್ದ ಬಾಜು ಹೊಲದವರು ಅದನ್ನು ನೋಡಿ ಹೋದವರು ಮರುದಿನ ಬಂದು, “ನಮ್ಮ ಹೊಲದ್ದೂ ಒಂದೀಟು ತೋರಿಸ್ರಿ” ಅಂದರು.

ಊರೂರಿಗೆ ಕೆಲಸ ಬೇರೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದಲ್ಲಿ ಮೊದಲು ಹಿಡಿಯಬೇಕಾದ್ದು ಮಣ್ಣು. ಅಲ್ಲಿ ಒಡ್ಡು, ಕೃಷಿಹೊಂಡ ಬೇಕು. ಗಂಗಾವತಿಯ ಗದ್ದೆಯಲ್ಲಿ ಹಿಡಿಯಬೇಕಾದ್ದು ನೀರು. ಗೊಬ್ಬರ ಹಾಕಿದ ಮೇಲೆ ಕೆಲವು ದಿನ ಗದ್ದೆಯ ನೀರು ಹೊರಗೆ ಬಿಡಬಾರದು.

ಮಕ್ಕಳೇ, ಈ ಭಾನುವಾರ ಅಜ್ಜ ಅಜ್ಜಿಯ ಪಕ್ಕ ಕೂತು ನಿಮ್ಮೂರಿನ ನಕ್ಷೆ ತೆರೆಯಿರಿ. ದಾರಿ ನೀವು ತೋರಿಸಿ, ಹಳ್ಳ ಕೊಳ್ಳಗಳ ಹೆಸರು ಅವರು ಹೇಳಲಿ. ಮಳೆ ನಿಂತ ಮೇಲೆ ಇಬ್ಬರೂ ಕೂಡಿ ಹೋಗಿ ನೋಡಿ. ಹಳ್ಳ ತುಂಬಿ ಹರಿಯುವಾಗ ಮಾತ್ರ ಹತ್ತಿರ ಹೋಗಬೇಡಿ.

ಮೊನ್ನೆ ಮೊಮ್ಮಗಳು ಫೋನ್ ಮಾಡಿದಳು. “ಅಜ್ಜಾ, ಕಾಲುವಿಗೆ ನೀರು ಬಂತು. ನಿಮ್ಮ ಹೊಲದ ಗೊಬ್ಬರ ಬಂದಿಲ್ಲ ಹೌದಿಲ್ಲೋ?”

“ಸ್ವಲ್ಪ ಬಂದಿರಬೇಕವ್ವಾ” ಅಂದೆ. “ಮುಂದಿನ ವರ್ಷ ಇನ್ನೂ ಕಡಿಮಿ ಕಳಸ್ತೀನಿ.”